ನಮ್ಮ ಊರವರೇ ಮಾಡಿದ ಮ್ಯಾಪ್, ಮಾಡ್, ಲೈವರಿ: ಯಾರ ಹತ್ರ ಎಂತೆಂತ ಉಳಿದುಂಟು?

ಬೋಳಾರದವ

ಕಂಕನಾಡಿ ಬದಿಯಲ್ಲಿ ಹಿಂದೆ ಇದ್ದ ಒಂದು ಗೇಮಿಂಗ್ ಸೈಬರಿನ ಹಾರ್ಡ್ ಡಿಸ್ಕುಗಳು ಈಗ ನನ್ನ ಹತ್ರ ಉಂಟು. ಅಂಗಡಿ ಮುಚ್ಚಿ ಕಾಲವಾಯಿತು. ಯಜಮಾನರು ಮನೆ ಬದಲಿಸುವಾಗ ಗುಜರಿಗೆ ಕೊಡಲು ಇಟ್ಟಿದ್ದರು, ನಾನು ಕೇಳಿ ತಂದೆ. ಎಲ್ಲವೂ ಐಡಿಇ ಕಾಲದವು, ಅಂದರೆ ಅಗಲ ಕೇಬಲಿನ ಹಳೆ ಜಾತಿ. ಒಂದನ್ನು ಅಡಾಪ್ಟರಿಗೆ ಹಾಕಿ ನೋಡಿದರೆ ಕೌಂಟರ್ ಸ್ಟ್ರೈಕ್ 1.6, ಏಜ್ ಆಫ್ ಎಂಪೈರ್ಸ್ 2, ಐಜಿಐ, ವೈಸ್ ಸಿಟಿ, ರೋಡ್ ರ‍್ಯಾಶ್. ಮಂಗಳೂರಿನ ಯಾವ ಸೈಬರಿನಲ್ಲಿ ಇವು ಇರಲಿಲ್ಲ ಹೇಳಿ?

ಅಷ್ಟೇ ಆಗಿದ್ದರೆ ನಾನಿಲ್ಲಿ ಬರೆಯುತ್ತಿರಲಿಲ್ಲ. ಏಜ್ ಆಫ್ ಎಂಪೈರ್ಸಿನ ಸಿನಾರಿಯೊ (ಆಡುವವರೇ ಕಟ್ಟಿಕೊಳ್ಳುವ ಯುದ್ಧದ ಸನ್ನಿವೇಶ) ಫೋಲ್ಡರಿನಲ್ಲಿ ‘ಉಳ್ಳಾಲ’ ಅಂತ ಒಂದು ಫೈಲ್ ಇತ್ತು. ಆಡಿ ನೋಡಿದೆ. ರಾಣಿ ಅಬ್ಬಕ್ಕನ ಕೋಟೆ, ಕಡಲಲ್ಲಿ ಪೋರ್ಚುಗೀಸರ ಹಡಗುಗಳು, ಪಕ್ಕದಲ್ಲಿ ನೇತ್ರಾವತಿಯ ಅಳಿವೆ. ಸೂಚನೆಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ತುಳು. ಮಾಡಿದವನ ಹೆಸರು ಎಲ್ಲೂ ಇಲ್ಲ. 1999ರ ಮೂಲ ಗೇಮಿನಲ್ಲಾಗಲಿ 2000ದ ‘ಕಾಂಕರರ್ಸ್’ ವಿಸ್ತರಣೆಯಲ್ಲಾಗಲಿ ಭಾರತೀಯರೂ ಇಲ್ಲ, ಪೋರ್ಚುಗೀಸರೂ ಇಲ್ಲ. ಭಾರತೀಯರು ಬಂದದ್ದು 2013ರಲ್ಲಿ, ಪೋರ್ಚುಗೀಸರು 2015ರಲ್ಲಿ. ಹಾಗಾಗಿ ಈ ಪುಣ್ಯಾತ್ಮ ಸ್ಪೇನಿನವರಿಗೆ ಪೋರ್ಚುಗೀಸರ ವೇಷ ಕಟ್ಟಿಸಿದ್ದಾನೆ. ಅಬ್ಬಕ್ಕನ ಕಡೆಗೆ ಪರ್ಷಿಯನ್ನರು, ಆನೆ ಬೇಕಲ್ಲ! (ಭಾರತೀಯರನ್ನು ತಂದ 2013ರ ಆ ವಿಸ್ತರಣೆಯೂ ಮೊದಲು ಅಭಿಮಾನಿಗಳು ಮೂಲ ಗೇಮನ್ನು ಬದಲಾಯಿಸಿ ಮಾಡಿದ ‘ಮಾಡ್’ ಆಗಿಯೇ ಹುಟ್ಟಿದ್ದು ಅಂತ ಎಷ್ಟು ಮಂದಿಗೆ ಗೊತ್ತುಂಟೋ.)

ನಾನು ಹೇಳಬೇಕೆಂದಿರುವುದು ಇಷ್ಟು. ಹಳೆ ಗೇಮುಗಳು ಕಾಣೆಯಾಗುತ್ತಿವೆ ಎಂಬ ಕೂಗು ಜಗತ್ತಿನಲ್ಲೆಲ್ಲ ಉಂಟು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮುಗಳಲ್ಲಿ 87 ಶೇಕಡಾ ಈಗ ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಆದರೂ ಮಾರಿಯೊನನ್ನು ಉಳಿಸಲು ಬೋಳಾರದ ಯಾರೂ ಬೇಕಾಗಿಲ್ಲ, ಅವನ ನಕಲು ಸಾವಿರ ಕಡೆ ಉಂಟು. ಈ ಉಳ್ಳಾಲದ ಸಿನಾರಿಯೊ? ಜಪಾನಿನವರು ಬಂದು ಇದನ್ನು ಹುಡುಕುತ್ತಾರಾ? ನಾವು ಉಳಿಸದಿದ್ದರೆ ಇದು ಗುಜರಿಗೆ, ಅಷ್ಟೆ.

ಹಾಗಾಗಿ ಕೇಳುವುದು: ಮಂಗಳೂರು, ಉಡುಪಿ ಕಡೆಯವರು ತಮ್ಮ ಕೈಯಾರೆ ಮಾಡಿದ ಏನಾದರೂ ನಿಮ್ಮ ಹತ್ರ ಉಂಟಾ? ಮ್ಯಾಪ್ (ಆಟ ನಡೆಯುವ ಜಾಗ), ಸ್ಕಿನ್ (ಪಾತ್ರ, ಆಯುಧಗಳ ಹೊಸ ಹೊರಮೈ), ಫೆಸ್ಟಿಗೆ ಮಾಡಿದ ಗೇಮ್, ಏನಾದರೂ ಆಗಬಹುದು. ಉಳಿದ ಡಿಸ್ಕುಗಳನ್ನು ಹೇಗೆ ತೆರೆಯುವುದು ಅಂತ ಬಲ್ಲವರು ಹೇಳಿ.

ಪರ್ಕಳ_ಬೆಂಚ್

ಅಣ್ಣ, ಉಳಿದ ಡಿಸ್ಕುಗಳನ್ನು ದಯವಿಟ್ಟು ವಿಂಡೋಸಿಗೆ ಸಿಕ್ಕಿಸಬೇಡಿ. ನಾನು ಮಣಿಪಾಲದಲ್ಲಿ ಡಾಟಾ ರಿಕವರಿ ಕೆಲಸ ಮಾಡುವುದು. ವಿಂಡೋಸ್ ಡಿಸ್ಕ್ ಕಂಡ ಕೂಡಲೇ ಅದರ ಮೇಲೆ ತನ್ನದೇ ಏನಾದರೂ ಬರೆಯುತ್ತದೆ. ಅಳಿಸಿಹೋದ ಫೈಲುಗಳು ಎಷ್ಟೋ ಸಲ ಡಿಸ್ಕಿನ ಖಾಲಿ ಜಾಗದಲ್ಲಿ ಹಾಗೇ ಕೂತಿರುತ್ತವೆ, ಬರೆದರೆ ಅವೂ ಹೋದವು.

ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಒಂದೇ ಇಮೇಜ್ ಫೈಲ್ ಮಾಡಿ. ಅದು ಮೊದಲು ಸುಲಭವಾಗಿ ಓದಲಿಕ್ಕೆ ಬರುವ ಭಾಗವನ್ನೆಲ್ಲ ಎತ್ತಿಕೊಳ್ಳುತ್ತದೆ, ಪೆಟ್ಟಾದ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಓದಿತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಸಾಫ್ಟ್‌ವೇರ್! ಆಮೇಲೆ ಮೂಲ ಡಿಸ್ಕನ್ನು ಮುಟ್ಟುವುದೇ ಬೇಡ, ಏನಿದ್ದರೂ ಇಮೇಜಿನ ಮೇಲೆ.

ಡಿಸ್ಕಿನಿಂದ ಟಕ್ ಟಕ್ ಶಬ್ದ ಬಂದರೆ ಕೂಡಲೇ ನಿಲ್ಲಿಸಿ ನನಗೆ ಹೇಳಿ.

ಸಿಡಿ ಇದ್ದವರಿಗೂ ಒಂದು ಮಾತು. ಕರಾವಳಿಯ ಗಾಳಿಯಲ್ಲಿ ಮನೆಯಲ್ಲಿ ಬರೆದ ಸಿಡಿ ಬೇಗ ಹಾಳಾಗುತ್ತದೆ. ಅದರ ಬಣ್ಣದ ಪದರ ಮಾಸುತ್ತದೆ, ಅಂಚಿನಿಂದ ಬೂಷ್ಟು ಹಿಡಿಯುತ್ತದೆ. ಒಂದೇ ಸಿಡಿಯ ಎರಡು ಹಾಳಾದ ಪ್ರತಿ ಇದ್ದರೆ ಎರಡನ್ನೂ ಇಡಿ, ಒಂದರಲ್ಲಿ ಓದದ ಭಾಗವನ್ನು ಇನ್ನೊಂದರಿಂದ ತುಂಬಲಿಕ್ಕೆ ಬರುತ್ತದೆ. ಮತ್ತೆ ಐಎಸ್ಒ (ಸಿಡಿಯ ಡಾಟಾ ಭಾಗದ ಪ್ರತಿ) ಮಾತ್ರ ಮಾಡಿ ಸುಮ್ಮನಾಗಬೇಡಿ. 1996ರ ಕ್ವೇಕ್ ತರಹದ ಗೇಮುಗಳಲ್ಲಿ ಸಂಗೀತ ಇರುವುದು ಆಡಿಯೊ ಸಿಡಿಯ ಟ್ರ್ಯಾಕ್ ಆಗಿ. ಐಎಸ್ಒದಲ್ಲಿ ಅದು ಬರುವುದೇ ಇಲ್ಲ. ಇಡೀ ಸಿಡಿಯ ಪ್ರತಿ ಬೇಕಾದರೆ ಬಿನ್ ಮತ್ತು ಕ್ಯೂ ಅನ್ನುವ ಫೈಲ್ ಜೋಡಿ ಮಾಡಬೇಕು.

ಗೋಳಿಬಜೆ64

ಕಂಕನಾಡಿ ಸೈಬರಾ? ಅಲ್ಲಿ ನಾನು ಕೌಂಟರ್ ಸ್ಟ್ರೈಕಿನಲ್ಲಿ ಗೋಡೆಗೆ ಹೊಡೆಯುತ್ತಿದ್ದ ಸ್ಪ್ರೇ ಲೋಗೊ ಏನಾದರೂ ಸಿಕ್ಕಿದರೆ ದಮ್ಮಯ್ಯ, ಅಳಿಸಿಬಿಡಿ ಮಾರಾಯ್ರೆ. ಈಗ ನನಗೆ ಮದುವೆಯಾಗಿದೆ.

ಸುರತ್ಕಲ್_ಡಸ್ಟ್2

@ಗೋಳಿಬಜೆ64 ಸಿಕ್ಕಿಯೇ ಸಿಗುತ್ತದೆ, ಹೆದರಿಕೊಳ್ಳಿ. ಬೇರೆ ಆಟಗಾರರ ಸ್ಪ್ರೇಗಳೆಲ್ಲ ಕಸ್ಟಮ್.ಎಚ್‌ಪಿಕೆ ಅನ್ನುವ ಒಂದು ಫೈಲಿಗೆ ಬಂದು ಬೀಳುತ್ತವೆ. ಯಾರೂ ಅದನ್ನು ಅಳಿಸುವ ಗೋಜಿಗೆ ಹೋಗಿರುವುದಿಲ್ಲ. ಬೋಳಾರದವರೆ, ಪ್ರತಿ ಡಿಸ್ಕಿನಲ್ಲೂ ಆ ಫೈಲ್ ಹುಡುಕಿ. ಒಂದು ಸೈಬರಿನ ಹುಡುಗರ ಇಡೀ ಚಿತ್ರಕಲೆ ಅದರಲ್ಲಿ ಇರಬಹುದು, ಯಾರೂ ಬೇಕೆಂದು ಕೂಡಿಟ್ಟದ್ದಲ್ಲ.

ಮ್ಯಾಪುಗಳ ವಿಷಯವೂ ಹಾಗೇ. ಸರ್ವರಿನಲ್ಲಿ ಇರುವ ಮ್ಯಾಪ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಗೇಮು ತಾನಾಗಿಯೇ ಅದನ್ನು ಇಳಿಸಿಕೊಳ್ಳುತ್ತಿತ್ತು. ಅಂದರೆ ಒಬ್ಬ ಮಾಡಿದ ಮ್ಯಾಪ್, ಆವತ್ತು ಆ ಸರ್ವರಿಗೆ ಬಂದ ಎಲ್ಲರ ಫೋಲ್ಡರಿನಲ್ಲೂ ಕೂತಿದೆ. ಹಾಸ್ಟೆಲಿನಲ್ಲಿದ್ದಾಗ ನಮ್ಮ ಬ್ಲಾಕಿನ ಮ್ಯಾಪ್ ಮಾಡಿದವರಿದ್ದರು. ಮೆಸ್ಸಿನಲ್ಲಿ ಬಾಂಬ್ ಇಡಬೇಕು. ಅದು ಮಾಡಿದವರ ಹತ್ರವೇ ಈಗ ಇಲ್ಲ, ಆದರೆ ಅವತ್ತು ಆಡಿದ ಯಾರದ್ದಾದರೂ ಹಳೆ ಲ್ಯಾಪ್‌ಟಾಪಿನಲ್ಲಿ ಇದ್ದೇ ಇರಬೇಕು.

ಒಂದು ತೊಡಕು ಉಂಟು. ಮ್ಯಾಪ್ ಅಂದರೆ ಬಿಎಸ್‌ಪಿ ಫೈಲ್ ಒಂದೇ ಅಲ್ಲ. ಗೋಡೆ, ನೆಲದ ಚಿತ್ರಗಳು ಬೇರೆ ವ್ಯಾಡ್ ಫೈಲಿನಲ್ಲಿ ಇರಬಹುದು. ಅದಿಲ್ಲದೆ ಮ್ಯಾಪ್ ತೆರೆದರೆ ಗೇಮು ತಪ್ಪು ತೋರಿಸಿ ಮುಚ್ಚಿಕೊಳ್ಳುತ್ತದೆ. ಶಬ್ದ, ಆಕಾಶದ ಚಿತ್ರ ಎಲ್ಲ ಬೇರೆ ಬೇರೆ ಫೋಲ್ಡರಿನಲ್ಲಿ. ಪಕ್ಕದಲ್ಲಿ ರೆಸ್ ಅಂತ ಕೊನೆಯಾಗುವ ಫೈಲ್ ಇದ್ದರೆ ಯಾವುದೆಲ್ಲ ಬೇಕು ಅನ್ನುವ ಪಟ್ಟಿ ಅದರಲ್ಲಿ ಇರುತ್ತದೆ.

ಗೇಮಿನ ಆವೃತ್ತಿಯೂ ಮುಖ್ಯ. 2023ರ ನವೆಂಬರಿನಲ್ಲಿ, ಕೌಂಟರ್ ಸ್ಟ್ರೈಕಿಗೆ ಮೂಲವಾದ ಹಾಫ್-ಲೈಫಿಗೆ 25 ವರ್ಷ ಆಯಿತು ಅಂತ ಅದರ ಕಂಪನಿ ವಾಲ್ವ್ ದೊಡ್ಡ ಅಪ್‌ಡೇಟ್ ಬಿಟ್ಟಾಗ ಕೆಲವು ಹಳೆ ಮಾಡ್‌ಗಳು ಮುರಿದುಬಿದ್ದವು. ಪುಣ್ಯಕ್ಕೆ ಹಳೆ ಆವೃತ್ತಿಯನ್ನು ಬೇಕಾದವರು ಆಯ್ದುಕೊಳ್ಳುವಂತೆ ಅವರೇ ಉಳಿಸಿಕೊಟ್ಟರು. ಎಲ್ಲ ಕಂಪನಿಯೂ ಅಷ್ಟು ಮಾಡುವುದಿಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ಡೂಮ್‌ಗೆ ಸಾಟಿ ಇಲ್ಲ. 1993ರ ಗೇಮು, 1997ರಲ್ಲಿ ಸೋರ್ಸ್ ಕೋಡನ್ನೇ ಹೊರಗೆ ಬಿಟ್ಟರು. ಹಾಗಾಗಿ 1994ರಲ್ಲಿ ಯಾರೋ ಮನೆಯಲ್ಲಿ ಕೂತು ಮಾಡಿದ ಲೆವೆಲ್ ಕೂಡ ಇವತ್ತಿನ ಕಂಪ್ಯೂಟರಿನಲ್ಲಿ ಓಡುತ್ತದೆ.

ಅಳಕೆ_ಅಂಕಲ್

ಓದಿ ನಗು ಬಂತು. ಆ ಸೈಬರುಗಳಲ್ಲಿ ಇದ್ದ ಒಂದು ಗೇಮಾದರೂ ದುಡ್ಡು ಕೊಟ್ಟು ತಂದದ್ದಾ? ಎಲ್ಲ ಕದ್ದ ಮಾಲು. ಕದ್ದ ಗೇಮಿನ ಮೇಲೆ ಹುಡುಗರು ಗೀಚಿದ್ದನ್ನು ಹಸ್ತಪ್ರತಿ ಅನ್ನುವ ಹಾಗೆ ಮಾತಾಡುತ್ತಿದ್ದೀರಲ್ಲ. ಉಡುಪಿಯ ಮಠಗಳಲ್ಲಿ ನಿಜವಾದ ತಾಳೆಗರಿಗಳೇ ಎಷ್ಟೋ ಇವೆ, ಅವನ್ನು ನೋಡಿಕೊಳ್ಳಲು ಜನ ಸಾಲದು.

ಬೋಳಾರದವ

ಅಂಕಲ್, ತಾಳೆಗರಿಯನ್ನು ನೋಡಿಕೊಳ್ಳುವವರು ಹಾರ್ಡ್ ಡಿಸ್ಕ್ ನೋಡಿಕೊಳ್ಳುವವರಿಗೆ ಜಾಗ ಬಿಡಬೇಕಾಗಿಲ್ಲ, ಎರಡೂ ಬೇರೆ ಬೇರೆ ಜನವೇ ಮಾಡುವುದು. ಮತ್ತೆ ನೀವೇ ಎತ್ತಿದಿರಿ ಅಂತ ಹೇಳುತ್ತೇನೆ, ತಾಳೆಗರಿ ಶತಮಾನ ದಾಟಿ ಬಂದದ್ದು ಗರಿ ಗಟ್ಟಿ ಅಂತ ಅಲ್ಲ. ಹಳೆಯದು ಪುಡಿಯಾಗುವ ಮೊದಲು ಯಾರೋ ಕೂತು ಹೊಸ ಗರಿಗೆ ನಕಲು ಮಾಡಿದರು. ನಾವು ಮಾಡಹೊರಟಿರುವುದೂ ಅದೇ ಕೆಲಸ.

ಕದ್ದ ಮಾಲು ಅನ್ನುವುದು ಹೌದು. ಅದನ್ನು ಅಡಗಿಸುವುದಿಲ್ಲ. ಆದರೆ ಗೇಮು ಕದ್ದದ್ದಾದರೂ ಅಬ್ಬಕ್ಕನ ಸಿನಾರಿಯೊ ಕದ್ದದ್ದಲ್ಲ. ಅದನ್ನು ಮಾಡಿದವನು ತಾಸಿಗೆ ಇಷ್ಟು ಅಂತ ಕೊಟ್ಟು ಸೈಬರಿನಲ್ಲಿ ಕೂತು ಮಾಡಿದ್ದಾನೆ. ಅದೂ ರೀಬೂಟ್ ಮಾಡಿದರೆ ಎಲ್ಲ ಅಳಿಸಿಹೋಗುವ ಸಾಫ್ಟ್‌ವೇರ್ ಹಾಕಿದ್ದ ಕಾಲದಲ್ಲಿ. ಯಜಮಾನರನ್ನು ಒಲಿಸಿಕೊಂಡು ಒಂದು ಡ್ರೈವನ್ನು ಅದರಿಂದ ತಪ್ಪಿಸಿಟ್ಟಿರಬೇಕು ಅಂತ ನನ್ನ ಊಹೆ.

ವಕೀಲರು ಯಾರಾದರೂ ಇದ್ದರೆ ಕಾನೂನು ಹೇಳಿ.

ಕರಂಗಲ್ಪಾಡಿ_ಕರಿಕೋಟು

ಫೀಸಿಲ್ಲದೆ ಹೇಳುವುದು, ಅಷ್ಟಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಿ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಅಂತಲೇ ಹಿಡಿಯುವುದು. ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ‘ಹಳೆಯದಾಯಿತು, ಯಾರೂ ಮಾರುವುದಿಲ್ಲ, ಇನ್ನು ಪುಕ್ಕಟೆ’ ಅನ್ನುವ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ. 52ನೇ ಕಲಂನಲ್ಲಿ ಕೆಲವು ವಿನಾಯಿತಿ ಉಂಟು. ಕಾನೂನುಬದ್ಧವಾಗಿ ಪ್ರತಿ ಇಟ್ಟುಕೊಂಡವನು ಹಾಳಾದೀತು ಅಂತ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು. ವ್ಯಾಪಾರಕ್ಕಲ್ಲದ ಸ್ವಂತ ಉಪಯೋಗಕ್ಕೂ ಪ್ರತಿ ಮಾಡಬಹುದು. ನೀವು ದುಡ್ಡು ಕೊಟ್ಟು ತಂದ ಸಿಡಿ, ಕ್ಯಾಸೆಟ್ಟಿಗೆ ಇದು ಸಾಕು. ಸೈಬರಿನ ಡಿಸ್ಕಿನಲ್ಲಿರುವ ಗೇಮುಗಳಿಗೆ ಸಾಲದು.

ಗ್ರಂಥಾಲಯಗಳಿಗೂ 2012ರ ತಿದ್ದುಪಡಿಯಲ್ಲಿ ಒಂದು ವಿನಾಯಿತಿ ಕೊಟ್ಟಿದ್ದಾರೆ. ವ್ಯಾಪಾರಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಇಟ್ಟುಕೊಳ್ಳಬಹುದು, ಆದರೆ ಅದರ ಹತ್ರ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕಂತೆ. ಪುಸ್ತಕವನ್ನು ತಲೆಯಲ್ಲಿಟ್ಟುಕೊಂಡು ಬರೆದ ಕಾನೂನು. ಡಿಜಿಟಲ್ ಅಲ್ಲದ ಗೇಮನ್ನು ಎಲ್ಲಿಂದ ತರುವುದು?

ಬೇರೆ ದೇಶದಲ್ಲೂ ಬಹಳ ಸುಖ ಇಲ್ಲ. ಅಂಗಡಿಯಲ್ಲಿ ಸಿಗದ ಗೇಮುಗಳನ್ನು ಸಂಶೋಧಕರಿಗೆ ದೂರದಿಂದ ಆಡಲು ಕೊಡಬೇಕು ಅಂತ ಗ್ರಂಥಾಲಯಗಳ ಪರವಾಗಿ ಕೇಳಿದ್ದಕ್ಕೆ ಅಮೆರಿಕದ ಕಾಪಿರೈಟ್ ಆಫೀಸ್ 2024ರಲ್ಲಿ ಆಗುವುದಿಲ್ಲ ಅಂದಿತು. ವೈಸ್ ಸಿಟಿಯ ಕೋಡನ್ನು ಅಭಿಮಾನಿಗಳು ಬಿಡಿಸಿ ಮತ್ತೆ ಬರೆದದ್ದಕ್ಕೆ 2021ರಲ್ಲಿ ಟೇಕ್-ಟು ಕಂಪನಿ ಕೋರ್ಟಿಗೇ ಹೋಯಿತು.

ಈಗ ನಿಮ್ಮ ಪ್ರಶ್ನೆ. ಹುಡುಗರು ತಾವಾಗಿ ಮಾಡಿದ ಭಾಗಕ್ಕೆ ಹಕ್ಕು ಅವರದ್ದೇ, ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. ಅದರ ಮೇಲೆ 57ನೇ ಕಲಂ ಅಂತ ಒಂದು ಉಂಟು. ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳುವ ಹಕ್ಕು, ತನ್ನ ಹೆಸರು ಕೆಡುವ ಹಾಗೆ ತಿರುಚುವುದನ್ನು ತಡೆಯುವ ಹಕ್ಕು ಕರ್ತೃವಿನದ್ದು. ನನ್ನ ಸಲಹೆ: ಮೂಲ ಗೇಮನ್ನು ಹಂಚಲೇಬೇಡಿ. ಊರವರು ಮಾಡಿದ ಫೈಲನ್ನು ಮಾತ್ರ ಬೇರೆ ತೆಗೆದಿಡಿ, ಮಾಡಿದವರನ್ನು ಹುಡುಕಿ ಕೇಳಿ, ಆಮೇಲೆ ಹಂಚಿ. ಆಡುವವರು ಗೇಮನ್ನು ತಾವೇ ಕೊಂಡುಕೊಳ್ಳಲಿ, ಏಜ್ ಆಫ್ ಎಂಪೈರ್ಸ್ ಈಗಲೂ ಮಾರಾಟಕ್ಕೆ ಉಂಟಲ್ಲ.

ಸುರತ್ಕಲ್_ಡಸ್ಟ್2

ವಕೀಲ್ರೆ ಹೇಳಿದ್ದನ್ನು ROM ಹ್ಯಾಕ್ (ಹಳೆ ಕ್ಯಾಸೆಟ್ ಗೇಮುಗಳ ಫೈಲನ್ನು ಬದಲಾಯಿಸುವುದು) ಮಾಡುವವರು ಮೊದಲಿಂದಲೂ ಪಾಲಿಸಿಕೊಂಡು ಬಂದಿದ್ದಾರೆ. ಬದಲಾಯಿಸಿದ ಗೇಮನ್ನು ಇಡಿಯಾಗಿ ಕೊಡುವುದಿಲ್ಲ, ಮೂಲಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಐಪಿಎಸ್, ಬಿಪಿಎಸ್ ಅನ್ನುವ ಪ್ಯಾಚ್ ಫೈಲ್ ಮಾಡಿ ಕೊಡುತ್ತಾರೆ. ಜಪಾನಿನಲ್ಲಿ ಮಾತ್ರ ಬಂದ ಮದರ್ 3 ಅನ್ನುವ ಗೇಮಿಗೆ ಅಭಿಮಾನಿಗಳು 2008ರಲ್ಲಿ ಇಂಗ್ಲಿಷ್ ಅನುವಾದ ಕೊಟ್ಟದ್ದೂ ಹೀಗೆಯೇ.

ಕುಂದಾಪ್ರ_ಮಾಣಿ

ನಮ್ಮನಿ ಅಟ್ಟದ್ ಮೇಲೆ ಟೀವಿ ಗೇಮಿನ್ ಕ್ಯಾಸೆಟ್ ಒಂದ್ ಚೀಲ ಇತ್ತ್. ಕೆಲವ್ ಹಾಕ್ರೆ ಟೀವಿ ತುಂಬ ಬರೀ ಗೀಟ್ ಬತ್ತ್. ಬಿಸಾಡುಕೆ ಮನ್ಸಿಲ್ಲೆ. ಒಂದ್ ಮಾರಿಯೊದಗೆ ಮಾರಿಯೊ ಬದ್ಲ್ ಬೇರೆ ಎಂತದೋ ಮೊಖ ಇತ್ತ್ ಮರ್ರೆ. ಇದೆಲ್ಲ ಯಾರಿಗಾರೂ ಬೇಕಾ?

ಪರ್ಕಳ_ಬೆಂಚ್

ಬೇಕು ಬೇಕು, ಬಿಸಾಡಬೇಡಿ! ಗೀಟು ಬರುವುದಕ್ಕೆ ಹೆಚ್ಚಾಗಿ ಕಾರಣ ಪಿನ್ನಿಗೆ ಹಿಡಿದ ಕಿಲುಬು. ಬಾಯಿಂದ ಊದಬೇಡಿ, ಉಸಿರಿನ ಪಸೆಗೆ ಕಿಲುಬು ಇನ್ನೂ ಹೆಚ್ಚಾಗುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಉಜ್ಜಿ. ಒಳಗೆ ಚಿಪ್ಪಿನ ಬದಲು ಕಪ್ಪು ಡಾಂಬರಿನ ತೊಟ್ಟಿನ ಹಾಗೆ ಇರುತ್ತದೆ, ಅದನ್ನು ಕೆರೆಯಬೇಡಿ, ಚಿಪ್ಪು ಅದರ ಅಡಿಯಲ್ಲೇ ಇರುವುದು.

ಆ ಬೇರೆ ಮುಖದ ಮಾರಿಯೊ ಅಂದಿರಲ್ಲ, ಅದೇ ನಮಗೆ ಬೇಕಾದ್ದು. ನಮ್ಮಲ್ಲಿ ಮಾರುತ್ತಿದ್ದ ಟೀವಿ ಗೇಮುಗಳು ನಿಂಟೆಂಡೊ ಫ್ಯಾಮಿಕಾಮಿನ ನಕಲುಗಳು, 60 ಪಿನ್ನಿನ ಕ್ಯಾಸೆಟ್. ‘ಸಾವಿರಗಟ್ಟಲೆ ಗೇಮ್’ ಅಂತ ಹೊರಗೆ ಬರೆದದ್ದರ ಒಳಗೆ ಇರುವುದು ಬೆರಳೆಣಿಕೆಯ ಗೇಮು, ಉಳಿದದ್ದು ಅವನ್ನೇ ಬೇರೆ ಲೆವೆಲಿನಿಂದ ಶುರು ಮಾಡಿಸುವುದು. ಅವನ್ನು ಮಾಡಿದವರು ಯಾರೋ, ಬದಲಾಯಿಸಿದವರು ಯಾರೋ. ಡಂಪ್ ಮಾಡಲು, ಅಂದರೆ ಚಿಪ್ಪಿನಲ್ಲಿರುವುದನ್ನು ಫೈಲಾಗಿ ತೆಗೆಯಲು, ರೀಡರ್ ನನ್ನಲ್ಲಿ ಉಂಟು. ಈ ನಕಲು ಬೋರ್ಡುಗಳಲ್ಲಿ ಒಂದೊಂದೂ ಒಂದೊಂದು ತರಹ ವೈರಿಂಗ್ ಆಗಿರುವುದರಿಂದ ಸ್ವಲ್ಪ ಹೆಣಗಾಡಬೇಕು. ತೆಗೆದ ಮೇಲೆ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಅಂಕಿ) ಹೋಲಿಸಿ ನೋಡಿದರೆ ಬೇರೆಯವರ ಹತ್ರ ಆಗಲೇ ಇರುವುದೋ ಹೊಸದೋ ಗೊತ್ತಾಗುತ್ತದೆ. ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿಗೆ ಬಂದು ಫೋನ್ ಮಾಡಿ.

ಪಡುಬಿದ್ರಿ_ಪೇಂಟ್

ನೀವೆಲ್ಲ ಇಪ್ಪತ್ತು ವರ್ಷ ಹಿಂದಿನದ್ದು ಮಾತಾಡ್ತಾ ಇದ್ದೀರಿ ಅಣ್ಣ. ನಮ್ಮದು ಈಗಲೇ ಹೋಗ್ತಾ ಉಂಟು.

ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಗೊತ್ತಲ್ಲ? 2017ರಲ್ಲಿ ಬಂದ ಮೊಬೈಲ್ ಗೇಮ್. ಅದರಲ್ಲಿ ಬಸ್ಸಿನ ಬಣ್ಣ, ಅದಕ್ಕೇ ಲೈವರಿ ಅನ್ನುವುದು, ನಾವೇ ಬರೆದು ಹಾಕಬಹುದು, ಒಂದು ಪಿಎನ್‌ಜಿ ಚಿತ್ರ ಮಾಡಿದರೆ ಆಯ್ತು. ಉಡುಪಿ–ಮಂಗಳೂರು ಲೈನಿನ ಎಕ್ಸ್‌ಪ್ರೆಸ್ ಬಸ್, ಕಾರ್ಕಳ ಲೈನಿನ ಸರ್ವಿಸ್ ಬಸ್, ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನ ಸಿಟಿ ಬಸ್, ಎಲ್ಲ ನಾವು ಮಾಡಿದ್ದೇವೆ. ಎದುರು ಗಾಜಿನ ಮೇಲಿನ ಹೆಸರು, ಹಿಂದೆ ಬರೆದ ದೈವದ ಹೆಸರು, ಬಾಗಿಲ ಹತ್ರ ನೇತುಹಾಕಿದ ಊರಿನ ಬೋರ್ಡು ಸಹಿತ. ಬಸ್ಸಿನವರು ವರ್ಷ ವರ್ಷ ಹೊಸ ಬಾಡಿ ಕಟ್ಟಿಸಿ ಪೇಂಟ್ ಬದಲಿಸ್ತಾರೆ. ಹಳೆ ಪೇಂಟ್ ಹೇಗಿತ್ತು ಅಂತ ಈಗ ನೋಡಬೇಕಾದರೆ ನಮ್ಮ ಲೈವರಿಯಲ್ಲೇ ನೋಡಬೇಕು. ನಾನು ಡಿಪೋ ಹತ್ರ ಹೋಗಿ ಫೋಟೊ ತೆಗೆದು, ಅಕ್ಷರದ ಅಳತೆ ನೋಡಿ ಮಾಡಿದ್ದು.

ಉಳಿಯುವುದಿಲ್ಲ ಯಾಕೆ ಅಂದರೆ, ಎಲ್ಲವನ್ನೂ ಹಾಕುವುದು ಪುಕ್ಕಟೆ ಫೈಲ್ ಹಂಚುವ ಸೈಟಿಗೆ. ಸ್ವಲ್ಪ ಸಮಯ ಯಾರೂ ಡೌನ್‌ಲೋಡ್ ಮಾಡದಿದ್ದರೆ ಲಿಂಕ್ ಸತ್ತಿರ್ತದೆ. ಅದಲ್ಲದೆ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕ್ತಾರೆ, ಪಾಸ್‌ವರ್ಡ್ ವಿಡಿಯೋದ ನಡುವೆ ಎಲ್ಲೋ ಒಂದು ಕಡೆ ಬರ್ತದೆ, ಜನ ಪೂರ್ತಿ ನೋಡಲಿ ಅಂತ. ಚಾನೆಲ್ ಹೋದರೆ ಪಾಸ್‌ವರ್ಡೂ ಹೋಯ್ತು. ನನ್ನ ಫೋನಿನಲ್ಲೇ ತೆರೆಯಲಿಕ್ಕಾಗದ ಜಿಪ್ಪುಗಳು ಒಂದು ರಾಶಿ ಉಂಟು.

ಗೇಮ್ ಅಪ್‌ಡೇಟ್ ಆದ ಮೇಲೆ ಕೆಲವು ಹಳೆ ಬಸ್ಸುಗಳು ಸರಿ ಕೂರುವುದೂ ಇಲ್ಲ. ಪ್ಲೇ ಸ್ಟೋರಿನಲ್ಲಿ ಸಿಗುವುದು ಹೊಸ ಆವೃತ್ತಿ ಮಾತ್ರ.

ಪರ್ಕಳ_ಬೆಂಚ್

ಇದು ಮೊಬೈಲಿನ ದೊಡ್ಡ ರೋಗ. ಆಪಲ್ 2017ರಲ್ಲೇ 32 ಬಿಟ್ ಆ್ಯಪುಗಳನ್ನು ನಿಲ್ಲಿಸಿತು. ಆಂಡ್ರಾಯ್ಡಿನಲ್ಲೂ ಈಗ ಬರುವ ಕೆಲವು ಫೋನುಗಳು 64 ಬಿಟ್ ಮಾತ್ರ ಓಡಿಸುವುದು. ಹಳೆ ಫೋನ್ ಕೊಟ್ಟು ಎಕ್ಸ್‌ಚೇಂಜ್ ಮಾಡುವ ಮೊದಲು ಯೋಚಿಸಿ. ಮಾಡ್ ಇಡುವಾಗ ಅದು ಗೇಮಿನ ಯಾವ ಆವೃತ್ತಿಗೆ ಮಾಡಿದ್ದು ಅಂತ ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುವುದು ಕಡ್ಡಾಯ. ಪಾಸ್‌ವರ್ಡ್ ಕೂಡ.

ಬೋಳಾರದವ

@ಪಡುಬಿದ್ರಿ_ಪೇಂಟ್ ತಮ್ಮಾ, ನೀನು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ನಿನ್ನ ಲೈವರಿಗಳನ್ನೆಲ್ಲ ಕಳಿಸು, ಮೊದಲು ಅದನ್ನೇ ಜೋಡಿಸುವ.

ಪಡುಬಿದ್ರಿ_ಪೇಂಟ್

ನನ್ನದು ಕೊಡ್ತೇನೆ ಅಣ್ಣ. ಬೇರೆಯವರದ್ದು ಕೇಳಬೇಡಿ. ನಮ್ಮಲ್ಲಿ ಜಗಳ ಜಾಸ್ತಿ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಹೆಸರು ಉಜ್ಜಿ ತನ್ನದು ಅಂತ ಹಾಕ್ತಾನೆ. ಹಾಗೆ ಬೇಜಾರಾಗಿ ನನ್ನ ಗೆಳೆಯ ಒಬ್ಬ ಮಾಡಿದ್ದನ್ನೆಲ್ಲ ಡಿಲೀಟ್ ಮಾಡಿ ಗೇಮೇ ಬಿಟ್ಟ. ಅವನ ಫೈಲುಗಳು ನನ್ನ ಹತ್ರ ಉಂಟು. ಅವನು ಹಾಕಬೇಡ ಅಂದಿದ್ದಾನೆ.

ಸುರತ್ಕಲ್_ಡಸ್ಟ್2

ಹಾಕಬೇಕು ಅಂತ ನನ್ನ ಮತ. ಒಮ್ಮೆ ಜನರಿಗೆ ಕೊಟ್ಟದ್ದು. ಬೇಜಾರು ಇವತ್ತು ಇರುತ್ತದೆ, ನಾಳೆ ಹೋಗುತ್ತದೆ, ಫೈಲ್ ಹೋದರೆ ಮತ್ತೆ ಬರುವುದಿಲ್ಲ. 2009ರಲ್ಲಿ, ಜನ ಮಾಡಿದ ವೆಬ್ ಪುಟಗಳಿದ್ದ ಜಿಯೋಸಿಟೀಸ್ ಮುಚ್ಚುವಾಗ ಅದನ್ನು ಉಳಿಸಹೊರಟ ಆರ್ಕೈವ್ ಟೀಮಿನವರು ಒಬ್ಬೊಬ್ಬರ ಅಪ್ಪಣೆ ಕೇಳಿಕೊಂಡು ಕೂತಿದ್ದರೆ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ.

ತೊಕ್ಕೊಟ್ಟು_ಟೀಚರ್

ನಡುವೆ ಬಾಯಿ ಹಾಕುತ್ತೇನೆ. ಆ ಮಗು ಬೇಡ ಅಂದಿದ್ದಾನಲ್ಲ. ನಾಳೆ ಬೇಕು ಅನ್ನಿಸಿದರೆ ಅವನೇ ಕೇಳಲಿ. ಅಲ್ಲಿವರೆಗೆ ಗೆಳೆಯನ ಹತ್ರ ಇರಲಿ, ಯಾರಿಗೂ ಕೊಡದೆ. ಕಳೆದುಹೋಗಬಾರದು ಅನ್ನುವುದು ಬೇರೆ, ಎಲ್ಲರಿಗೂ ತೋರಿಸಬೇಕು ಅನ್ನುವುದು ಬೇರೆ.

ನಾನು ಬರೆಯಲು ಬಂದದ್ದು ಬೇರೆ ವಿಷಯಕ್ಕೆ. ನಮ್ಮ ದೊಡ್ಡಣ್ಣ ಕುವೈತಿನಲ್ಲಿದ್ದರು. ಎಂಬತ್ತರ ದಶಕದ ಕೊನೆಗೆ ರಜೆಗೆ ಬರುವಾಗ ಒಂದು ಸಖ್ರ್ ಕಂಪ್ಯೂಟರ್ ತಂದಿದ್ದರು, ಎಎಕ್ಸ್-170. ಕೀಬೋರ್ಡಿನಲ್ಲಿ ಅರಬಿ ಅಕ್ಷರ ಇತ್ತು. ಟೀವಿಗೆ ಸಿಕ್ಕಿಸುವುದು. ಗೇಮಿನ ಕ್ಯಾಸೆಟ್ಟುಗಳನ್ನು ತಮ್ಮಂದಿರು ಹಂಚಿಕೊಂಡರು, ನನಗೆ ಸಿಕ್ಕಿದ್ದು ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಪುಸ್ತಕ. ಅದನ್ನು ನೋಡಿ ನಾನೇ ಸಣ್ಣ ಸಣ್ಣ ಆಟ ಬರೆಯುತ್ತಿದ್ದೆ. ಒಂದರಲ್ಲಿ ಉಳ್ಳಾಲ ಸಂಕದ ಅಡಿಯಿಂದ ದೋಣಿ ದಾಟಿಸಬೇಕು, ಕಂಬಕ್ಕೆ ತಾಗಿದರೆ ಮುಗಿಯಿತು. ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಸೇವ್ ಮಾಡಿದ್ದು. ಕಂಪ್ಯೂಟರ್ ಯಾವತ್ತೋ ಕೆಟ್ಟಿತು, ಆ ಕ್ಯಾಸೆಟ್ಟುಗಳು ಮಾತ್ರ ಪೆಟ್ಟಿಗೆಯಲ್ಲಿ ಉಂಟು. ಹಾಕಿದರೆ ಕೀಂ ಅಂತ ಕೂಗುತ್ತದೆ, ಮನೆಯವರು ಇದೆಂಥ ಹಾಡು ಅಂತ ಕೇಳುತ್ತಾರೆ. ಇದರಿಂದ ಏನಾದರೂ ತೆಗೆಯಲಿಕ್ಕೆ ಬರುತ್ತದಾ?

ಪರ್ಕಳ_ಬೆಂಚ್

ಟೀಚರ್!! ಇಡೀ ಚರ್ಚೆಯಲ್ಲಿ ಇದಕ್ಕಿಂತ ಅಪರೂಪದ್ದು ಬಂದಿಲ್ಲ. ಆ ಕೂಗೇ ನಿಮ್ಮ ಪ್ರೋಗ್ರಾಮ್.

ಸಖ್ರ್ ಅಂದರೆ ಎಂಎಸ್ಎಕ್ಸ್ ಜಾತಿಯ ಕಂಪ್ಯೂಟರ್, ಎಂಬತ್ತರ ದಶಕದ ಮನೆಬಳಕೆಯದ್ದು. ಅದು ಟೇಪಿಗೆ ಬರೆಯುವುದು ಎರಡು ಸ್ವರದಲ್ಲಿ. ಸೊನ್ನೆಗೆ 1200 ಹರ್ಟ್ಸಿನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸಿನ ಎರಡು ಅಲೆ. ಸೆಕೆಂಡಿಗೆ 1200 ಬಿಟ್. (ವೇಗ ಹೆಚ್ಚಿಸಿ 2400ರಲ್ಲಿ ಬರೆಯುವುದೂ ಇತ್ತು, ಆಗ ಸ್ವರವೂ ಎರಡು ಪಟ್ಟು.) ಕ್ಯಾಸೆಟ್ಟಿನ ಶಬ್ದ ಸ್ವಚ್ಛವಾಗಿ ಕಂಪ್ಯೂಟರಿಗೆ ಇಳಿಸಿದರೆ ಓಪನ್‌ಎಂಎಸ್ಎಕ್ಸ್ ಎಮ್ಯುಲೇಟರಿಗೆ (ಹಳೆ ಯಂತ್ರದ ಹಾಗೆ ನಡೆಯುವ ಸಾಫ್ಟ್‌ವೇರಿಗೆ) ಆ ವೇವ್ ಫೈಲನ್ನೇ ಕೊಡಬಹುದು. ನೀವು ಆಗ ಟೈಪ್ ಮಾಡುತ್ತಿದ್ದ ಹಾಗೇ ಸಿಲೋಡ್ ಅಂತ ಹೊಡೆದರೆ ಓದಿಕೊಳ್ಳುತ್ತದೆ.

ಇನ್ನು ಹಾಕಿ ಹಾಕಿ ಕೇಳಬೇಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಓಡಿಸಿದರೆ ಹೆಡ್ಡಿಗೂ ಹತ್ತಿ ಟೇಪೂ ಗೀರುತ್ತದೆ. ಮೊದಲು ಅದನ್ನು ಒರೆಸಬೇಕು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ, ಸ್ವರ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಬೇಕು. ನೀವು ಬರೆದ ರೆಕಾರ್ಡರಿನ ಹೆಡ್ಡು ಯಾವ ಕೋನದಲ್ಲಿತ್ತೋ ಅದೇ ಕೋನ ಸಿಗಬೇಕಲ್ಲ. ರೆಕಾರ್ಡ್ ಮಾಡುವುದು ವೇವ್‌ನಲ್ಲಿ ಮಾತ್ರ, ಎಂಪಿ3 ಮಾಡಿದರೆ ಅಲೆಯ ಆಕಾರ ಕೆಡುತ್ತದೆ.

ಮೂಡುಬಿದಿರೆ_ಮೌಸ್

ತಡವಾಗಿ ನೋಡಿದೆ. ಕಾಲೇಜಿನ ಫೆಸ್ಟಿಗೆ ನಾವು ಫ್ಲ್ಯಾಶ್‌ನಲ್ಲಿ ಕಂಬಳದ ಗೇಮ್ ಮಾಡಿದ್ದೆವು. ಕನೆಹಲಗೆ ವಿಭಾಗ, ನೀರು ಎಷ್ಟು ಎತ್ತರ ಹಾರಿತು ಅನ್ನುವುದಕ್ಕೆ ಅಂಕ. 2020 ಮುಗಿಯುವಾಗ ಅಡೋಬಿ ಫ್ಲ್ಯಾಶ್ ನಿಲ್ಲಿಸಿತಲ್ಲ, ಅಲ್ಲಿಗೆ ಅದೂ ಹೋಯ್ತು ಅಂದುಕೊಂಡಿದ್ದೆ. ಎಸ್‌ಡಬ್ಲ್ಯುಎಫ್ ಫೈಲ್ ಮೇಲ್‌ನಲ್ಲಿ ಸಿಕ್ಕಿತು, ತಿದ್ದಲಿಕ್ಕೆ ಬರುವ ಮೂಲ ಎಫ್ಎಲ್ಎ ಫೈಲ್ ಇಲ್ಲ. ಆಗುತ್ತದಾ?

ಸುರತ್ಕಲ್_ಡಸ್ಟ್2

ಆಗುತ್ತದೆ. ರಫಲ್ ಅನ್ನುವ ಎಮ್ಯುಲೇಟರಿಗೆ ಹಾಕಿ ನೋಡಿ. ಆ್ಯಕ್ಷನ್‌ಸ್ಕ್ರಿಪ್ಟ್ (ಫ್ಲ್ಯಾಶ್ ಗೇಮುಗಳ ಕೋಡಿಂಗ್ ಭಾಷೆ) 2ರಲ್ಲಿ ಬರೆದದ್ದಾದರೆ ಹೆಚ್ಚಾಗಿ ತೊಂದರೆ ಇಲ್ಲದೆ ಓಡುತ್ತದೆ, 3ರಲ್ಲಾದರೆ ನೋಡಬೇಕು. ಫ್ಲ್ಯಾಶ್‌ಪಾಯಿಂಟ್ ಅನ್ನುವ ಸಂಗ್ರಹದಲ್ಲಿ ಲಕ್ಷಕ್ಕೂ ಹೆಚ್ಚು ಬ್ರೌಸರ್ ಗೇಮುಗಳನ್ನು ಆಡುವ ಹಾಗೆ ಉಳಿಸಿಟ್ಟಿದ್ದಾರೆ. ಕಂಬಳ ಅದರಲ್ಲಿ ಇರಲಿಕ್ಕಿಲ್ಲ!

ಬೋಳಾರದವ

ಒಂದು ಸುದ್ದಿ ಉಂಟು. ಉಳ್ಳಾಲ ಸಿನಾರಿಯೊ ಮಾಡಿದವರು ಸಿಕ್ಕಿದರು. ಸೈಬರಿನ ಯಜಮಾನರಿಗೆ ಸೂಚನೆಯ ತುಳು ಓದಿ ಹೇಳಿದೆ, ‘ಇದು ನಮ್ಮ ಜಪ್ಪಿನ ಹುಡುಗ’ ಅಂತ ಕೂಡಲೇ ಗುರುತು ಹಿಡಿದರು. ಈಗ ಮಸ್ಕತ್‌ನಲ್ಲಿದ್ದಾರಂತೆ. ಫೋನಿನಲ್ಲಿ ಮಾತಾಡಿದೆ. ಹಂಚಲು ಒಪ್ಪಿದರು, ಹೆಸರು ಮಾತ್ರ ಹಾಕಬಾರದಂತೆ. ಸಿನಾರಿಯೊಗೆ ಅವರ ಅಕ್ಕನ ಧ್ವನಿಯಲ್ಲಿ ಅಬ್ಬಕ್ಕನ ಮಾತು ರೆಕಾರ್ಡ್ ಮಾಡಿ ಹಾಕಿದ್ದರಂತೆ. ಶಬ್ದ ಸಿನಾರಿಯೊ ಫೈಲಿನ ಒಳಗೆ ಇರುವುದಿಲ್ಲ, ಬೇರೆ ಫೋಲ್ಡರಿನಲ್ಲಿ ಇರಬೇಕು. ಈ ಡಿಸ್ಕಿನಲ್ಲಿ ಅದು ಇಲ್ಲ. ಉಳಿದ ಡಿಸ್ಕುಗಳಲ್ಲಿ ಹುಡುಕುತ್ತೇನೆ.

ಇನ್ನೊಂದು, ಹಡಗುಗಳನ್ನು ಬೇಗನೆ ಸುಟ್ಟುಬಿಟ್ಟರೆ ಗೆದ್ದಿರಿ ಅಂತ ಸಾರುವ ಟ್ರಿಗ್ಗರ್ ಕೆಲಸ ಮಾಡುವುದೇ ಇಲ್ಲ, ಆಟ ಮುಗಿಯುವುದಿಲ್ಲ. ಸರಿಮಾಡುವುದಾ ಬೇಡವಾ?

ಸುರತ್ಕಲ್_ಡಸ್ಟ್2

ಸರಿಮಾಡಿ. ಆಡಲಿಕ್ಕೆ ಬರದ ಗೇಮನ್ನು ಇಟ್ಟುಕೊಂಡು ಏನು ಮಾಡುವುದು?

ಅಳಕೆ_ಅಂಕಲ್

ಬೇಡ. ಇಷ್ಟು ಓದಿದ ಮೇಲೆ ನನ್ನದೂ ಒಂದು ಮಾತು ಇರಲಿ. ನಕಲು ಮಾಡುವವನು ಮೂಲವನ್ನು ತಿದ್ದಬಾರದು. ತಿದ್ದಿದ್ದನ್ನು ಬೇರೆ ಪ್ರತಿಯಾಗಿ ಇಡಿ, ಯಾರು ತಿದ್ದಿದ್ದು, ಎಲ್ಲಿ ತಿದ್ದಿದ್ದು ಅಂತ ಬರೆಯಿರಿ.

ಬೋಳಾರದವ

ಅಂಕಲ್ ಹೇಳಿದ ಹಾಗೇ ಮಾಡುವ. ಎಲ್ಲದಕ್ಕೂ ಮೂರು ಪ್ರತಿ: ಒಂದು ನನ್ನಲ್ಲಿ, ಒಂದು ಪರ್ಕಳದಲ್ಲಿ, ಒಂದು ಕರಾವಳಿಯ ಹೊರಗೆ, ಬೂಷ್ಟು ಇಲ್ಲದ ಕಡೆ. ಹುಬ್ಬಳ್ಳಿ, ಬೆಂಗಳೂರು ಕಡೆ ಇರುವ ಯಾರಾದರೂ ಒಪ್ಪಿಕೊಳ್ಳಿ. ಮಾಡಿದವರು ಬೇಡ ಅಂದದ್ದು ಹಂಚುವ ಫೋಲ್ಡರಿಗೆ ಬರುವುದಿಲ್ಲ. ಸುರತ್ಕಲಿನವರಿಗೆ ಇದು ಸರಿ ಕಾಣದಿರಬಹುದು, ಆದರೆ ನಮ್ಮದು ಊರೊಳಗಿನ ಕೆಲಸ, ಮಾಡಿದವರು ನಾಳೆ ಬಸ್ಸಿನಲ್ಲಿ ಎದುರು ಸಿಗುತ್ತಾರೆ.

ಸುರತ್ಕಲ್_ಡಸ್ಟ್2

ಸರಿ ಕಾಣುವುದಿಲ್ಲ. ಆದರೂ ಹಾಸ್ಟೆಲ್ ಮ್ಯಾಪ್ ಹುಡುಕಿ ಕಳಿಸುತ್ತೇನೆ.

ತೊಕ್ಕೊಟ್ಟು_ಟೀಚರ್

ಟೇಪಿನಲ್ಲಿ ಬಿಳಿ ಪುಡಿ ಇಲ್ಲ, ಬೆಳಕಿಗೆ ಹಿಡಿದು ನೋಡಿದೆ. ಆವಾಗ ಬರೆದ ರೆಕಾರ್ಡರೂ ಮನೆಯಲ್ಲೇ ಉಂಟು, ಬೆಲ್ಟ್ ಮಾತ್ರ ಅಂಟಂಟಾಗಿದೆ. ಬೆಲ್ಟ್ ಈಗ ಎಲ್ಲಿ ಸಿಗುತ್ತದೆ?

ಪರ್ಕಳ_ಬೆಂಚ್

ಅದೇ ರೆಕಾರ್ಡರ್ ಇದ್ದರೆ ಹೆಡ್ಡಿನ ಸ್ಕ್ರೂ ಮುಟ್ಟುವುದೇ ಬೇಡ ಟೀಚರ್, ಕೋನ ಸರಿಯಾಗಿಯೇ ಇರುತ್ತದೆ. ಹಳೆ ಬೆಲ್ಟನ್ನು ಬಿಸಾಡಬೇಡಿ, ಕರಗಿದ್ದರೂ ಅಳತೆಗೆ ಬೇಕು. ರೆಕಾರ್ಡರ್, ಕ್ಯಾಸೆಟ್ ಎರಡನ್ನೂ ತನ್ನಿ, ಅಳತೆಯ ಬೆಲ್ಟ್ ನಾನು ತರಿಸಿಡುತ್ತೇನೆ.

ಗೋಳಿಬಜೆ64

ಬೋಳಾರದವರೆ, ಆ ಎಚ್‌ಪಿಕೆ ಫೈಲ್ ತೆರೆದಿರಾ? ಸುಮ್ಮನೆ ಕೇಳಿದ್ದು.